ಚಿಲಿಗೆ ಹೊರಟಿದ್ದೀರಾ? ಎಚ್ಚರ ಎಲ್ಲಿ ಬೇಕು ಅಂತ ಹೇಳ್ತೇನೆ

ನನ್ನ ಮಗಳು ಚಿಲಿಯ ಸ್ಯಾಂಟಿಯಾಗೊದಲ್ಲಿ ಕೆಲಸದಲ್ಲಿದ್ದಾಳೆ. ನಾನೂ ನಮ್ಮೆಜಮಾನರೂ ಅಲ್ಲಿಗೆ ಹೋಗಿ ಬಂದಿದ್ದೇವೆ. ಹಾಗಾಗಿ ನಮ್ಮ ಕೊಡಗಿನ ನಾಪೋಕ್ಲು, ಕಕ್ಕಬ್ಬೆ ಕಡೆಯಿಂದ ಯಾರು ಆ ದೇಶಕ್ಕೆ ಹೊರಟರೂ ನನಗೊಂದು ಫೋನ್ ಬರುತ್ತದೆ. "ಅಕ್ಕ, ಅಲ್ಲಿ ಸೇಫಾ?" ಇದೇ ಮೊದಲ ಪ್ರಶ್ನೆ.

ಸೇಫ್. 1990ರಲ್ಲಿ ಮಿಲಿಟರಿ ಆಡಳಿತ ಮುಗಿದ ಮೇಲೆ ಅಲ್ಲಿ ಚುನಾವಣೆ ಸರಿಯಾಗಿ ನಡೆದುಕೊಂಡು ಬಂದಿದೆ. ಸೋತವರು ಕುರ್ಚಿ ಬಿಟ್ಟು ಇಳಿಯುತ್ತಾರೆ. ದಕ್ಷಿಣ ಅಮೆರಿಕ ಅಂದ ತಕ್ಷಣ ನಮ್ಮವರು ಗನ್ನು, ಡ್ರಗ್ಸ್ ಅಂತ ಹೆದರುತ್ತಾರೆ. ಪ್ರವಾಸಿಗಳಿಗೆ ತೊಂದರೆ ಬರುವುದು ಬೇರೆ ಕಡೆಯಿಂದ. ಕೈಯಲ್ಲಿರುವ ಫೋನು, ಸಮುದ್ರ, ಬೆಟ್ಟದ ಎತ್ತರ, ಕಾಲ ಕೆಳಗಿನ ನೆಲ. ನಿಮ್ಮ ಎಚ್ಚರವೆಲ್ಲ ಅಲ್ಲಿರಲಿ.

ಮೊದಲು ಸಮಯ ನೋಡಿ. ಅಲ್ಲಿನ ಬೇಸಿಗೆ ಡಿಸೆಂಬರ್‌ನಿಂದ ಫೆಬ್ರವರಿ. ನಮಗದು ಕಾಫಿ ಕೊಯ್ಲಿನ ಕಾಲ, ತೋಟ ಬಿಟ್ಟು ಹೋಗುವ ಮಾತೇ ಇಲ್ಲ. ಮಳೆಗಾಲದಲ್ಲಿ ಪುರುಸೊತ್ತು ಇದೆ ಅಂತ ಜುಲೈಯಲ್ಲಿ ಹೋದರೆ ಅಲ್ಲಿ ಚಳಿಗಾಲ, ಆಂಡಿಸ್ ದಾಟುವ ರಸ್ತೆ ಹಿಮ ಬಿದ್ದು ಮುಚ್ಚಿಹೋಗುತ್ತಿರುತ್ತದೆ. ಕೈಲ್‌ಪೊಳ್ದ್ ಹಬ್ಬ ಮುಗಿಸಿಕೊಂಡು ಅಕ್ಟೋಬರ್‌ನಲ್ಲಿ ಹೊರಡಿ. ಪುತ್ತರಿ ಹಬ್ಬಕ್ಕೆ ಮುಂಚೆ ಆರಾಮವಾಗಿ ವಾಪಸ್ ಬರಬಹುದು.

ಬೆಂಗಳೂರಿಂದ ನೇರ ವಿಮಾನ ಇಲ್ಲ. ಅಮೆರಿಕದ ಮೇಲೆ ಹೋಗುವ ಟಿಕೆಟ್ ಅಗ್ಗ ಸಿಕ್ಕಿತು ಅಂತ ಕೊಳ್ಳಬೇಡಿ. ಬರೀ ವಿಮಾನ ಬದಲಿಸುವುದಕ್ಕೂ ಅವರ ವೀಸಾ ಬೇಕು. ಬ್ರೆಜಿಲ್, ಪೆರು, ಬೊಲಿವಿಯಾ ಸುತ್ತಿ ಬರುವ ಆಸೆ ಇದ್ದರೆ ಹೊರಡುವ 10 ದಿನ ಮೊದಲೇ ಹಳದಿ ಜ್ವರದ ಲಸಿಕೆ ಹಾಕಿಸಿಕೊಳ್ಳಿ. ಬೆಂಗಳೂರಲ್ಲಿ ಇದಕ್ಕೆ ಸರ್ಕಾರಿ ಮಾನ್ಯತೆ ಪಡೆದ ಕೇಂದ್ರ ಇದೆ. ಚಿಲಿ ಈ ಲಸಿಕೆ ಕೇಳುವುದಿಲ್ಲ, ಕೇಳುವುದು ನಮ್ಮ ದೇಶ. ಆ ದೇಶಗಳಿಂದ ಸರ್ಟಿಫಿಕೇಟ್ ಇಲ್ಲದೆ ಬಂದವರನ್ನು 6 ದಿನದವರೆಗೆ ಕ್ವಾರಂಟೈನ್‌ನಲ್ಲಿ ಇಡಬಹುದು.

ಈಗ ಬ್ಯಾಗು. ನಮ್ಮವರಿಗೆ ಇದನ್ನು ಒತ್ತಿ ಹೇಳಲೇಬೇಕು. ನಮ್ಮಲ್ಲಿ ಮನೆಮನೆಗೂ ಕೋವಿ ಇದೆ. ಹಬ್ಬಕ್ಕೆ ತೆಂಗಿನಕಾಯಿಗೆ ಗುಂಡು ಹೊಡೆಯಲು ಹೋದಾಗ ಹಾಕಿದ್ದ ಜಾಕೆಟ್ಟು, ಹೊತ್ತಿದ್ದ ಬ್ಯಾಗು ಅಂದರೆ ಒಂದೊಂದು ಜೇಬನ್ನೂ ತಿರುಗಿಸಿ ನೋಡಿ. ಮೂಲೆಯಲ್ಲಿ ಒಂದು ಕಾಡತೂಸು ಉಳಿದಿದ್ದರೂ ಬೆಂಗಳೂರು ಏರ್‌ಪೋರ್ಟಿನಲ್ಲೇ ಪೊಲೀಸ್ ಕೇಸಾಗುತ್ತದೆ, ಪ್ರವಾಸ ಅಲ್ಲಿಗೇ ಮುಗಿಯುತ್ತದೆ. ಮದುವೆ ಮನೆಗೆ ಅಂತ ಪೀಚೆಕತ್ತಿ (ಸೊಂಟಕ್ಕೆ ಸಿಕ್ಕಿಸುವ ನಮ್ಮ ಸಣ್ಣ ಕತ್ತಿ) ಒಯ್ಯುವವರು ಅದನ್ನು ಚೆಕ್-ಇನ್ ಬ್ಯಾಗಿಗೆ ಹಾಕಿ, ಏರ್‌ಲೈನ್‌ನವರನ್ನು ಮೊದಲೇ ಕೇಳಿಕೊಳ್ಳಿ.

ಇನ್ನು ತಿಂಡಿತೀರ್ಥ. ಮಕ್ಕಳಿಗೆ ಅಂತ ಜೇನು, ಕಾಳುಮೆಣಸು, ಏಲಕ್ಕಿ, ಕಾಚಂಪುಳಿ, ಹಂದಿ ಉಪ್ಪಿನಕಾಯಿ ಎಲ್ಲ ಕಟ್ಟುತ್ತೇವೆ ಅಲ್ವಾ. ಚಿಲಿಯಲ್ಲಿ ಇದರ ತಪಾಸಣೆ ತುಂಬ ಬಿಗಿ. ಸಾಗ್ ಅನ್ನುವ ಕೃಷಿ ಇಲಾಖೆಯವರು ಒಂದು ಫಾರಂ ತುಂಬಿಸಿಕೊಳ್ಳುತ್ತಾರೆ. ಸಸ್ಯದ್ದು, ಪ್ರಾಣಿಯದ್ದು ಏನಿದ್ದರೂ ‘ಇದೆ’ ಅಂತಲೇ ಬರೆಯಿರಿ. ಬರೆದರೆ ಹೆಚ್ಚೆಂದರೆ ಆ ಪೊಟ್ಟಣ ತೆಗೆದುಕೊಳ್ಳುತ್ತಾರೆ. ಬರೆಯದೆ ಸಿಕ್ಕಿಬಿದ್ದರೆ ದಂಡ. ವಿಮಾನದಲ್ಲಿ ಕೊಟ್ಟ ಸೇಬು ಬ್ಯಾಗಲ್ಲಿ ಉಳಿದಿದ್ದರೂ ಅಷ್ಟೇ. ಜೇನು, ಮಾಂಸದ ಪದಾರ್ಥ, ಹಸಿ ಹಣ್ಣು, ಬಿತ್ತನೆ ಬೀಜ ಒಯ್ಯಲೇಬೇಡಿ. ಹುರಿದ ಕಾಫಿಪುಡಿ ಸೀಲ್ ಮಾಡಿದ್ದು ಇರಲಿ, ಅದನ್ನೂ ಬರೆಯಿರಿ. ಇದು ಸುಮ್ನೆ ಕಿರುಕುಳ ಅಂತ ನನಗೆ ಅನಿಸಲಿಲ್ಲ. ಒಂದು ಕಡೆ ಆಂಡಿಸ್, ಒಂದು ಕಡೆ ಮರುಭೂಮಿ, ಇನ್ನೊಂದು ಕಡೆ ಸಮುದ್ರ. ಹಾಗಾಗಿ ಎಷ್ಟೋ ಕೀಟ, ರೋಗ ಆ ದೇಶದೊಳಗೆ ಹೋಗಿಲ್ಲ. ಯುರೋಪಿನ ದ್ರಾಕ್ಷಿ ತೋಟಗಳನ್ನು ಹಾಳು ಮಾಡಿದ ಫಿಲಾಕ್ಸೆರಾ ಅನ್ನುವ ಕೀಟ ಅಲ್ಲಿ ಇಲ್ಲವೇ ಇಲ್ಲ. 1990ರಲ್ಲಿ ಗೂಡಲೂರಿಗೆ ಬಂದ ಬೆರ್ರಿ ಬೋರರ್ ಅನ್ನುವ ಕಾಫಿ ಕಾಯಿ ಕೊರೆಯುವ ಕೀಟ ಆಮೇಲೆ ನಮ್ಮ ತೋಟಗಳಿಗೆ ನುಗ್ಗಿ ಏನು ಮಾಡಿತು ಅಂತ ಕಾಫಿಯವರಿಗೆ ಹೇಳಬೇಕಾಗಿಲ್ಲ.

ಸ್ಯಾಂಟಿಯಾಗೊದಲ್ಲಿ ಇಳಿದಾಗ ಬಾಗಿಲಲ್ಲೇ "ಟ್ಯಾಕ್ಸಿ, ಟ್ಯಾಕ್ಸಿ" ಅಂತ ಬೆನ್ನು ಹತ್ತುವವರ ಜೊತೆ ಹೋಗಬೇಡಿ. ಒಳಗೇ ಅಧಿಕೃತ ಕೌಂಟರ್ ಇದೆ, ಅಲ್ಲಿ ಬುಕ್ ಮಾಡಿ. ಊರಲ್ಲಿ ಫೋನ್ ಕೈಯಲ್ಲಿ ಹಿಡಿದುಕೊಂಡು ನಡೆಯಬೇಡಿ, ಕಸಿದುಕೊಂಡು ಓಡುತ್ತಾರೆ. ದಾರಿ ನೋಡಬೇಕಾದರೆ ಯಾವುದಾದರೂ ಅಂಗಡಿಯೊಳಗೆ ಹೋಗಿ ನೋಡಿ. ಹೋಟೆಲಿನಲ್ಲಿ ಬ್ಯಾಗನ್ನು ಕುರ್ಚಿಯ ಬೆನ್ನಿಗೆ ನೇತು ಹಾಕಬೇಡಿ, ತೊಡೆ ಮೇಲೆ ಇಟ್ಟುಕೊಳ್ಳಿ. ಅಂಗಿ ಮೇಲೆ ಏನೋ ಚೆಲ್ಲಿ, "ಅಯ್ಯೋ ಒರೆಸ್ತೀನಿ" ಅಂತ ಒಬ್ಬರು ಹತ್ತಿರ ಬಂದರೆ ನಿಲ್ಲಬೇಡಿ. ಒರೆಸುವವರು ಒಬ್ಬರು, ಪರ್ಸ್ ಎತ್ತುವವರು ಇನ್ನೊಬ್ಬರು. ವಾಲ್ಪಾರಾಯ್ಸೊ ಚಂದದ ಊರು. ಅಲೆಗ್ರೆ, ಕೊನ್ಸೆಪ್ಸಿಯೋನ್ ಗುಡ್ಡಗಳನ್ನು ಹಗಲಲ್ಲಿ ನೋಡಿ. ಬಂದರಿನ ಕಡೆ ಕತ್ತಲಾದ ಮೇಲೆ ಬೇಡ.

2019ರ ಅಕ್ಟೋಬರ್‌ನಲ್ಲಿ ಮೆಟ್ರೊ ದರ ಏರಿಸಿದ್ದಕ್ಕೆ ಶುರುವಾದ ಗಲಾಟೆ ದೇಶವನ್ನೇ ಅಲ್ಲಾಡಿಸಿತ್ತು. ಆಮೇಲೆ ಹೊಸ ಸಂವಿಧಾನದ ಎರಡು ಕರಡು ಬಂದವು, 2022ರಲ್ಲೂ 2023ರಲ್ಲೂ ಜನ ವೋಟು ಹಾಕಿ ಬೇಡ ಅಂದರು. ಈಗಲೂ ಸ್ಯಾಂಟಿಯಾಗೊದ ಪ್ಲಾಸಾ ಬಕೆಡಾನೊ ಚೌಕದ ಸುತ್ತ ಜನ ಸೇರಿದ್ದು ಕಂಡರೆ ಫೋಟೊ ತೆಗೆಯುತ್ತಾ ನಿಲ್ಲಬೇಡಿ. ಅಶ್ರುವಾಯು ಕಣ್ಣಿಗೆ ಬಿದ್ದರೆ ಪ್ರವಾಸಿಗನಾ, ಊರವನಾ ಅಂತ ನೋಡುವುದಿಲ್ಲ.

ನೆಲದ ವಿಷಯ ಸ್ವಲ್ಪ ವಿವರವಾಗಿ ಹೇಳುತ್ತೇನೆ. 2022ರಲ್ಲಿ ಕರಿಕೆ, ಚೆಂಬು ಕಡೆ ನೆಲ ನಡುಗಿದಾಗ ನಾವೆಲ್ಲ ಅಂಗಳಕ್ಕೆ ಓಡಿದವರು. ಚಿಲಿಯಲ್ಲಿ ಸಣ್ಣ ನಡುಕಕ್ಕೆ ಯಾರೂ ಊಟದಿಂದ ತಲೆ ಎತ್ತುವುದಿಲ್ಲ. ಜಗತ್ತಿನಲ್ಲಿ ಅಳತೆಗೆ ಸಿಕ್ಕ ಅತಿ ದೊಡ್ಡ ಭೂಕಂಪ ಆಗಿದ್ದು ಅಲ್ಲೇ, 1960ರಲ್ಲಿ ವಾಲ್ಡಿವಿಯಾದಲ್ಲಿ, 9.5ರ ತೀವ್ರತೆ. 2010ರ ಫೆಬ್ರವರಿ 27ರಂದು 8.8. ಅಲ್ಲಿ ಕಟ್ಟಡಗಳನ್ನು ಇದಕ್ಕೆ ತಕ್ಕ ಹಾಗೇ ಕಟ್ಟುತ್ತಾರೆ. ಅದಕ್ಕೇ ಹೊರಗೆ ಓಡಬೇಡಿ. ಗಾಜು, ಕಪಾಟು ಬಿಟ್ಟು ದೂರ ಬಂದು, ಗಟ್ಟಿ ಮೇಜಿನ ಕೆಳಗೆ ತಲೆ ಮುಚ್ಚಿಕೊಂಡು ಕೂತುಕೊಳ್ಳಿ. ಲಿಫ್ಟ್ ಬೇಡ. ರಾತ್ರಿ ಹಾಸಿಗೆ ಪಕ್ಕ ಚಪ್ಪಲಿ, ಟಾರ್ಚ್ ಇರಲಿ, ಒಡೆದ ಗಾಜಿನ ಮೇಲೆ ಬರಿಗಾಲಲ್ಲಿ ನಡೆಯುವ ಹಾಗಾಗಬಾರದು.

ಸಮುದ್ರದ ಪಕ್ಕ ಇದ್ದರೆ ಲೆಕ್ಕ ಬೇರೆ. ನಿಲ್ಲಲಾಗದಷ್ಟು ನಡುಗಿದರೆ ಸೈರನ್‌ಗೆ ಕಾಯಬೇಡಿ. ನಡುಕ ನಿಂತ ಕೂಡಲೇ ಸಮುದ್ರ ಮಟ್ಟದಿಂದ 30 ಮೀಟರ್‌ಗಿಂತ ಮೇಲೆ ನಡೆದು ಹತ್ತಿ. ಕಾರು ತೆಗೆದರೆ ಟ್ರಾಫಿಕ್ಕಲ್ಲಿ ಸಿಕ್ಕಿಕೊಳ್ಳುತ್ತೀರಿ. ಬೀದಿಬೀದಿಯಲ್ಲಿ ಸುನಾಮಿ ದಾರಿಯ ಬೋರ್ಡ್ ಇರುತ್ತದೆ. ರೂಮಿಗೆ ಹೋದ ದಿನವೇ ಆ ದಾರಿಯಲ್ಲಿ ಒಂದು ಸಲ ನಡೆದು ನೋಡಿ. ನಾನು ಹೋಂಸ್ಟೇ ನಡೆಸುವವಳು. ಬಂದವರಿಗೆ ಆನೆ ಬಂದರೆ ಯಾವ ಕಡೆ ಹೋಗಬೇಕು ಅಂತ ಕಾಫಿ ಕೊಡುವ ಮೊದಲೇ ತೋರಿಸುತ್ತೇನೆ. ಅಲ್ಲಿ ಯಾರೂ ತೋರಿಸದಿದ್ದರೆ ನೀವೇ ಕೇಳಿ.

ಈಜುವ ಆಸೆಯಿದ್ದರೆ ದಡದ ಬೋರ್ಡಿನಲ್ಲಿ ‘ನೋ ಆಪ್ತಾ’ ಅಂತ ಇದೆಯಾ ನೋಡಿ. ಇದ್ದರೆ ನೀರಿಗೆ ಇಳಿಯುವಂತಿಲ್ಲ. ಹಂಬೋಲ್ಟ್ ಪ್ರವಾಹದಿಂದ ನೀರು ಕೊರೆಯುವಷ್ಟು ತಣ್ಣಗೆ, ಸೆಳೆತವೂ ಜಾಸ್ತಿ. ದಕ್ಷಿಣದಲ್ಲಿ ಚಿಪ್ಪುಮೀನನ್ನು ದಡದಲ್ಲಿ ನೀವೇ ಆರಿಸಿ ತಿನ್ನಬೇಡಿ. ಕೆಂಪು ಉಬ್ಬರ, ಅಂದರೆ ಸಮುದ್ರದಲ್ಲಿ ವಿಷದ ಪಾಚಿ ಹೆಚ್ಚಾಗುವುದು, ಬಂದಾಗ ಚಿಪ್ಪುಮೀನಿನಲ್ಲಿ ವಿಷ ಸೇರುತ್ತದೆ, ಬೇಯಿಸಿದರೂ ಹೋಗುವುದಿಲ್ಲ. ಮಾರುಕಟ್ಟೆಯದ್ದು ತಿನ್ನಿ.

ಅಟಕಾಮ ಮರುಭೂಮಿಗೆ ಹೋಗುವವರು ಎತ್ತರ ಗಮನಿಸಿ. ನಮ್ಮ ತಡಿಯಂಡಮೋಳ್ 1,748 ಮೀಟರ್. ಅಟಕಾಮದಲ್ಲಿ ತಂಗುವ ಸ್ಯಾನ್ ಪೆಡ್ರೊ ಊರೇ 2,400. ಎಲ್ ಟಾಟಿಯೊ ಬಿಸಿನೀರಿನ ಬುಗ್ಗೆಗಳು 4,300. ಬೆಟ್ಟ ಹತ್ತಿ ಅಭ್ಯಾಸ ಇದೆ ಅನ್ನುವುದು ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಊರಲ್ಲಿ ಎರಡು ದಿನ ತಂಗಿ ಆಮೇಲೆ ಮೇಲೆ ಹೋಗಿ. ಹಿಂದಿನ ರಾತ್ರಿ ಪೆಗ್ ಬೇಡ. ತಲೆನೋವು, ವಾಂತಿ ಜೋರಾದರೆ ಕೆಳಗೆ ಇಳಿಯುವುದೇ ಔಷಧ. ಬಿಪಿ, ಹೃದಯದ ತೊಂದರೆ ಇರುವವರು ಇಲ್ಲೇ ಡಾಕ್ಟರನ್ನು ಕೇಳಿಕೊಂಡು ಹೊರಡಿ. ಬುಗ್ಗೆಯ ಸುತ್ತ ಗುರುತು ಹಾಕಿದ ಜಾಗ ದಾಟಬೇಡಿ, ನೆಲ ತೆಳು, ಕೆಳಗೆ ಕುದಿಯುವ ನೀರು.

ದಕ್ಷಿಣದ ಟೊರೆಸ್ ದೆಲ್ ಪೈನೆ ರಾಷ್ಟ್ರೀಯ ಉದ್ಯಾನದಲ್ಲಿ ಬೆಂಕಿ ಹಾಕುವಂತಿಲ್ಲ. ನಮಗೆ ಚಳಿ ಅಂದರೆ ಕ್ಯಾಂಪ್‌ಫೈರ್. ಅಲ್ಲಿ 2011ರ ಕೊನೆಗೆ ಹತ್ತಿದ ಬೆಂಕಿ ಸುಮಾರು 17,000 ಹೆಕ್ಟೇರ್ ಸುಟ್ಟುಹಾಕಿತು.

ಕಾರು ಓಡಿಸುವವರಿಗೆ: ರಸ್ತೆಯ ಬಲಭಾಗ. ಕುಡಿದು ಓಡಿಸಬೇಡಿ, ಕಾನೂನು ಕಠಿಣ. ಕ್ಯಾರಬಿನೆರೊಸ್ ಪೊಲೀಸರಿಗೆ ನೋಟು ತೋರಿಸಿದರೆ ನಿಮ್ಮನ್ನೇ ಒಳಗೆ ಹಾಕುತ್ತಾರೆ. ಟಯರ್ ಪಂಕ್ಚರ್ ಆಗಿದೆ ಅಂತ ಅಪರಿಚಿತರು ಕೈ ತೋರಿಸಿದರೆ ಬಾಗಿಲು ಲಾಕ್ ಮಾಡಿ ಪೆಟ್ರೋಲ್ ಬಂಕಿನವರೆಗೆ ನಿಧಾನ ಹೋಗಿ.

ಆಂಬುಲೆನ್ಸ್ 131, ಅಗ್ನಿಶಾಮಕ 132, ಪೊಲೀಸ್ 133. ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಜೊತೆಗೆ ಸ್ಯಾಂಟಿಯಾಗೊದ ಭಾರತೀಯ ರಾಯಭಾರ ಕಚೇರಿಯ ನಂಬರ್ ಇರಲಿ. ಪಾಸ್‌ಪೋರ್ಟ್, ವೀಸಾ, ಇನ್ಶೂರೆನ್ಸ್‌ನ ಜೆರಾಕ್ಸ್ ಒಂದು ಸೆಟ್ ಊರಲ್ಲಿ ಕೊಡಿ, ಮನೆಯಲ್ಲಿ ನೆಟ್‌ವರ್ಕ್ ಇರುವವರ ಹತ್ತಿರ. ಅಕ್ಟೋಬರ್‌ನಲ್ಲಿ ಅವರು ನಮಗಿಂತ ಎಂಟೂವರೆ ಗಂಟೆ ಹಿಂದೆ. ಅಲ್ಲಿ ಬೆಳಿಗ್ಗೆ ಎಂಟಕ್ಕೆ ಫೋನ್ ಮಾಡಿದರೆ ಇಲ್ಲಿ ಸಂಜೆ ನಾಲ್ಕೂವರೆ, ತೋಟದಿಂದ ಎಲ್ಲರೂ ಮನೆಗೆ ಬಂದಿರುತ್ತಾರೆ.