ಹಾಯಿದೋಣಿಗೆ ಜನ ಬೇಕು: ನಾನು ಆರಿಸುವ ರೀತಿ

ಈಜು ಬರುತ್ತದಾ ಅಂತ ನಾನು ಕೊನೆಗೆ ಕೇಳುತ್ತೇನೆ. ಮೊದಲ ಪ್ರಶ್ನೆ ಬೇರೆ. ರಾತ್ರಿ ಎರಡು ಗಂಟೆಗೆ ಎಬ್ಬಿಸಿದರೆ ಸಿಟ್ಟು ಬರುತ್ತದಾ?

ಹಡಗಿನ ಕೆಲಸ ಬಿಟ್ಟ ಮೇಲೆ ನಾನು ಬೇರೆಯವರ ಹಾಯಿದೋಣಿ ನಡೆಸುತ್ತೇನೆ. ಮನೆ ಕುಂಬಳೆಯ ಹತ್ತಿರ, ದೋಣಿಗಳಿರುವುದು ಕೊಚ್ಚಿಯಲ್ಲೋ ಗೋವಾದಲ್ಲೋ. ಮಾಲಿಕರು ಹೇಳಿದ ಬಂದರಿಗೆ ಅದನ್ನು ಮುಟ್ಟಿಸಬೇಕು, ಒಮ್ಮೊಮ್ಮೆ ಮಾಲ್ಡೀವ್ಸ್ ತನಕ. ನವೆಂಬರ್‌ನಿಂದ ಮಾರ್ಚ್ ತನಕ ನಮ್ಮ ಕಡಲಿನಲ್ಲಿ ಗಾಳಿ ಹದವಾಗಿರುತ್ತದೆ, ಕೆಲಸವೆಲ್ಲ ಆಗಲೇ. ದೋಣಿ ಸಿಗುತ್ತದೆ, ಗಾಳಿಯೂ ಸಿಗುತ್ತದೆ, ಜನ ಸಿಗುವುದೇ ಕಷ್ಟ.

ನಲವತ್ತು ಅಡಿಯ ದೋಣಿಗೆ ನಾನು ಸೇರಿ ನಾಲ್ಕು ಜನ ಇದ್ದರೆ ಆರಾಮ. ಮೂರು ಗಂಟೆ ವಾಚ್, ಅಂದರೆ ಮೇಲೆ ನಿಂತು ಕಾಯುವ ಪಾಳಿ, ಒಂಬತ್ತು ಗಂಟೆ ಬಿಡುವು. ಮೂವರೇ ಆದರೆ ಬಿಡುವು ಆರು ಗಂಟೆಗೆ ಇಳಿಯುತ್ತದೆ, ಅದರಲ್ಲೇ ಅಡುಗೆ, ಸ್ನಾನ, ನಿದ್ದೆ ಎಲ್ಲ ಮುಗಿಸಬೇಕು. ಇಲ್ಲಿ ಒಬ್ಬ ದಿನಾ ಹದಿನೈದು ನಿಮಿಷ ತಡ ಮಾಡಿ ಮೇಲೆ ಬಂದ ಅಂತಿಟ್ಟುಕೊಳ್ಳಿ, ಮೂರನೇ ದಿನಕ್ಕೆ ದೋಣಿಯಲ್ಲಿ ಜಗಳ ಗ್ಯಾರಂಟಿ. ಹಾಯಿ ಕಟ್ಟುವುದು, ಗಂಟು ಹಾಕುವುದು, ಇದೆಲ್ಲ ಒಂದು ವಾರದಲ್ಲಿ ನಾನು ಕಲಿಸಿಕೊಡಬಲ್ಲೆ. ಹೊತ್ತಿಗೆ ಸರಿಯಾಗಿ ಏಳುವುದನ್ನು ಇಪ್ಪತ್ತೈದು ವರ್ಷ ದಾಟಿದವರಿಗೆ ಕಲಿಸುವುದು ನನ್ನಿಂದ ಆಗುವುದಿಲ್ಲ.

ಎರಡನೇ ಪ್ರಶ್ನೆ ಇದಕ್ಕಿಂತ ಮುಖ್ಯ. ಅನುಮಾನ ಬಂದಾಗ ನೀವು ನನ್ನನ್ನು ಎಬ್ಬಿಸುತ್ತೀರಾ? ಕೊಚ್ಚಿಯಿಂದ ಮಾಲ್ಡೀವ್ಸ್‌ಗೆ ಹೋಗುವಾಗ ದೊಡ್ಡ ಹಡಗುಗಳ ದಾರಿಯನ್ನು ಅಡ್ಡ ದಾಟಬೇಕು. ಲಕ್ಷದ್ವೀಪದ ಮಿನಿಕಾಯ್ ದ್ವೀಪದ ಉತ್ತರಕ್ಕೆ ಒಂಬತ್ತು ಡಿಗ್ರಿ ಚಾನೆಲ್, ದಕ್ಷಿಣಕ್ಕೆ ಎಂಟು ಡಿಗ್ರಿ ಚಾನೆಲ್. ಸೂಯೆಜ್ ಕಡೆಯಿಂದ ಕೊಲಂಬೊಗೆ, ಸಿಂಗಾಪುರಕ್ಕೆ ಹೋಗುವ ಹಡಗುಗಳು ಹಗಲು ರಾತ್ರಿ ಅಲ್ಲಿ ಓಡುತ್ತಿರುತ್ತವೆ. ದೂರದಲ್ಲಿ ಒಂದು ಸಣ್ಣ ಬಿಳಿ ದೀಪ ಕಂಡಿತು ಅಂದರೆ, ಆ ಹಡಗು ನಿಮ್ಮ ಹತ್ತಿರ ಬರಲು ಹದಿನೈದು ಇಪ್ಪತ್ತು ನಿಮಿಷ ಸಾಕು. ಅದರ ಕೆಂಪು ದೀಪ ಮಾತ್ರ ಕಂಡರೆ ನೀವು ಅದರ ಎಡಬದಿ ನೋಡುತ್ತಿದ್ದೀರಿ, ಹಸಿರು ಮಾತ್ರ ಕಂಡರೆ ಬಲಬದಿ. ಎರಡೂ ಒಟ್ಟಿಗೆ ಕಂಡರೆ? ಅದು ನೇರ ನಿಮ್ಮ ಮೇಲೆಯೇ ಬರುತ್ತಿದೆ. ಆಗ 'ಕ್ಯಾಪ್ಟನ್ ಈಗಷ್ಟೇ ಮಲಗಿದ್ದಾರೆ, ಪಾಪ, ಇನ್ನು ಐದು ನಿಮಿಷ ನೋಡುವ' ಅನ್ನುವ ಸಂಕೋಚದವರು ನನಗೆ ಬೇಡ. ಸುಳ್ಳು ಅನುಮಾನಕ್ಕೆ ಹತ್ತು ಸಲ ಎಬ್ಬಿಸಿದರೂ ನಾನು ಬೈಯುವುದಿಲ್ಲ. ಇದನ್ನು ಹೊರಡುವ ಮೊದಲೇ ಎಲ್ಲರ ಎದುರು ಹೇಳಿಬಿಡುತ್ತೇನೆ.

ಬರುವವರಲ್ಲಿ ಮೂರು ತರದವರಿದ್ದಾರೆ. ಉದುಮ, ಪಾಲಕುನ್ನು ಕಡೆ ಮರ್ಚೆಂಟ್ ನೇವಿಯವರ ಮನೆಗಳು ಜಾಸ್ತಿ, ರಜೆಯಲ್ಲಿ ಬಂದವರು ಕೇಳುತ್ತಾರೆ. ಶಿಸ್ತಿನ ವಿಷಯದಲ್ಲಿ ಇವರನ್ನು ಮೀರಿಸುವವರಿಲ್ಲ. ಆದರೆ ಬ್ರಿಡ್ಜ್‌ನಲ್ಲಿ, ಅಂದರೆ ದೊಡ್ಡ ಹಡಗು ನಡೆಸುವ ಎತ್ತರದ ಕೋಣೆಯಲ್ಲಿ, ನಿಂತು ಅಭ್ಯಾಸ, ಎದುರಿನ ಹಡಗು ನಮ್ಮನ್ನು ನೋಡಿಯೇ ಇರುತ್ತದೆ ಅನ್ನುವ ಧೈರ್ಯ. ಫೈಬರ್ ದೋಣಿ ರೇಡಾರ್‌ನಲ್ಲಿ ಸರಿಯಾಗಿ ಕಾಣುವುದಿಲ್ಲ, ಅಲೆ ಎದ್ದಾಗಂತೂ ಕಾಣುವುದೇ ಇಲ್ಲ ಅನ್ನಬಹುದು. ಆ ಬ್ರಿಡ್ಜ್‌ನಲ್ಲಿ ನಾನೂ ನಿಂತವನೇ, ಅಲ್ಲಿಂದ ಎಷ್ಟು ಕಾಣುತ್ತದೆ ಅಂತ ಗೊತ್ತಿದೆ. ನಾವು ಎಲ್ಲಿದ್ದೇವೆ ಅಂತ ಸುತ್ತಲಿನ ಹಡಗುಗಳಿಗೆ ರೇಡಿಯೊದಲ್ಲಿ ತಿಳಿಸುವ ಎಐಎಸ್ ಇದೆಯಲ್ಲ ಅನ್ನುತ್ತಾರೆ. ಇದೆ, ಆದರೆ ಆ ಕಡೆ ಯಾರಾದರೂ ಸ್ಕ್ರೀನ್ ನೋಡುತ್ತಿರಬೇಕಲ್ವಾ?

ಇನ್ನು ಮೀನುಗಾರರ ಮನೆಯ ಹುಡುಗರು. ನೀರಿನ ಬಣ್ಣ ನೋಡಿ ಆಳ ಹೇಳುತ್ತಾರೆ, ಮೋಡ ನೋಡಿ ಗಾಳಿ ಹೇಳುತ್ತಾರೆ, ವಾಂತಿ ಅನ್ನುವುದೇ ಇಲ್ಲ. ಇವರ ಜೊತೆ ನನ್ನ ಕಾದಾಟ ಒಂದೇ, ಬೆಲ್ಟ್. ರಾತ್ರಿ ಮೇಲೆ ಬಂದರೆ ಲೈಫ್ ಜಾಕೆಟ್ ಹಾಕಿ, ಅದರ ಹಗ್ಗದ ಕೊಕ್ಕೆಯನ್ನು ದೋಣಿಗೆ ಸಿಕ್ಕಿಸಲೇಬೇಕು ಅನ್ನುವುದು ನನ್ನ ನಿಯಮ. ಮಂಜೇಶ್ವರದ ಹುಡುಗನೊಬ್ಬ ನಕ್ಕ. "ನನಗೆ ಕಡಲು ಗೊತ್ತುಂಟು ಕ್ಯಾಪ್ಟನ್ರೇ, ನಾಯಿಗೆ ಕಟ್ಟಿದ ಹಾಗೆ ಕಟ್ಟುವುದೆಂತಕ್ಕೆ?" ನಾನು ವಾದ ಮಾಡಲಿಲ್ಲ. ಆರು ನಾಟ್ ವೇಗದಲ್ಲಿ ಹೋಗುತ್ತಿದ್ದಾಗ ಒಂದು ಖಾಲಿ ಕ್ಯಾನ್ ನೀರಿಗೆ ಎಸೆದು, ಒಂದು ನಿಮಿಷ ಬಿಟ್ಟು ತೋರಿಸು ಅಂದೆ. ಆರು ನಾಟ್ ಅಂದರೆ ನಿಮಿಷಕ್ಕೆ 185 ಮೀಟರ್. ಹಗಲು ಹೊತ್ತು, ಚಿಕ್ಕ ಅಲೆ, ಆದರೂ ಅವನಿಗೆ ಕ್ಯಾನ್ ಕಾಣಲಿಲ್ಲ. ತಿರುಗಿ ಹೋಗಿ ಹುಡುಕಿ ಎತ್ತುವಷ್ಟರಲ್ಲಿ ಎಲ್ಲರಿಗೂ ಬೆವರು. ಆಮೇಲೆ ಅವನೇ ಬೇರೆಯವರ ಕೊಕ್ಕೆ ನೋಡುತ್ತಿದ್ದ.

ಮೂರನೆಯವರು ಬೆಂಗಳೂರಿನ ಆಫೀಸಿನವರು. ನೌಕಾಪಡೆಯ ಅಭಿಲಾಷ್ ಟೋಮಿ 2012-13ರಲ್ಲಿ ಹಾಯಿದೋಣಿಯಲ್ಲಿ ಒಬ್ಬರೇ, ಎಲ್ಲೂ ನಿಲ್ಲದೆ ಭೂಮಿ ಸುತ್ತಿ ಬಂದ ಕತೆ ಇವರಿಗೆ ಬಾಯಿಪಾಠ. ಆ ಮನುಷ್ಯನ ಮೇಲೆ ನನಗೂ ಗೌರವ ಇದೆ. ಆದರೆ ನನ್ನ ಕೆಲಸಕ್ಕೆ ಹತ್ತಿರದ ಉದಾಹರಣೆ ದಿಲ್ನಾ ಮತ್ತು ರೂಪಾ, ನೌಕಾಪಡೆಯ ಇಬ್ಬರು ಅಧಿಕಾರಿಗಳು. 2024ರ ಅಕ್ಟೋಬರ್‌ನಲ್ಲಿ ಗೋವಾದಿಂದ ಹೊರಟು, ಭೂಮಿ ಸುತ್ತಿ, 2025ರ ಮೇ ತಿಂಗಳಲ್ಲಿ ವಾಪಸ್ ಬಂದರು, 56 ಅಡಿಯ 'ತಾರಿಣಿ' ಹಾಯಿದೋಣಿಯಲ್ಲಿ ಅವರಿಬ್ಬರೇ. ಅಷ್ಟು ತಿಂಗಳು ಅಷ್ಟು ಜಾಗದಲ್ಲಿ ಇನ್ನೊಬ್ಬರ ಜೊತೆ ಹೊಂದಿಕೊಂಡು ಹೋಗುವುದಿದೆಯಲ್ಲ, ಅದು ಒಂಟಿಯಾಗಿ ಹೋಗುವುದಕ್ಕಿಂತ ಬೇರೆಯದೇ ವಿದ್ಯೆ.

ಹಾಗಾಗಿ ಯಾರನ್ನೂ ಫೋನಿನಲ್ಲಿ ಮಾತಾಡಿ ಒಪ್ಪಿಕೊಳ್ಳುವುದಿಲ್ಲ. ಕೊಚ್ಚಿಯ ಹೊರಗೆ ಒಂದು ಹಗಲು, ಒಂದು ರಾತ್ರಿ ಕರೆದುಕೊಂಡು ಹೋಗುತ್ತೇನೆ. ಆಗ ನಾನು ಗಮನಿಸುವುದು ಚುಕ್ಕಾಣಿ ಹಿಡಿಯುವುದನ್ನಲ್ಲ, ಅಡುಗೆಮನೆಯನ್ನು. ದೋಣಿ ಒಂದು ಬದಿಗೆ ವಾಲಿರುತ್ತದೆ, ಒಲೆ ತೂಗಾಡುತ್ತಿರುತ್ತದೆ. ನಾವು ಕುಚ್ಚಲಕ್ಕಿ ಗಂಜಿ ಮಾಡುವುದು ಕುಕ್ಕರಿನಲ್ಲೇ, ಅಲೆ ಹೊಡೆದು ಉರುಳಿದರೂ ಮುಚ್ಚಳ ಬಿಗಿಯಾಗಿರುತ್ತದೆ, ಬಿಸಿ ನೀರು ಮೈಮೇಲೆ ಚೆಲ್ಲುವುದಿಲ್ಲ. ತನ್ನ ಪಾಳಿ ಅಲ್ಲದಿದ್ದರೂ ಒಂದು ಲೋಟ ಚಾ ಮಾಡಿ ಮೇಲೆ ಕೊಟ್ಟವರು, ಉಂಡ ತಟ್ಟೆ ತಾವೇ ತೊಳೆದಿಟ್ಟವರು ನನ್ನ ಪಟ್ಟಿಯಲ್ಲಿ ಉಳಿಯುತ್ತಾರೆ. ವಾಂತಿ ಮಾಡಿಕೊಂಡರು ಅಂತ ಯಾರನ್ನೂ ನಾನು ಕೈಬಿಡುವುದಿಲ್ಲ, ಹೆಚ್ಚಿನವರಿಗೆ ಎರಡು ಮೂರು ದಿನದಲ್ಲಿ ಸರಿಹೋಗುತ್ತದೆ. ವಾಂತಿ ಮಾಡಿ, ಬಾಯಿ ತೊಳೆದುಕೊಂಡು, ವಾಚ್‌ಗೆ ವಾಪಸ್ ಬಂದರಾ ಅನ್ನುವುದಷ್ಟೇ ಲೆಕ್ಕ. ಮಾತ್ರೆಯನ್ನು ಡಾಕ್ಟರ ಹತ್ತಿರ ಕೇಳಿ ಹಿಂದಿನ ರಾತ್ರಿಯೇ ನುಂಗಬೇಕು. ವಾಂತಿ ಶುರುವಾದ ಮೇಲೆ ನುಂಗಿದರೆ ಅದೂ ಹೊರಗೆ ಬರುತ್ತದೆ.

ಮನೆಯವರೂ ಫೋನ್ ಮಾಡುತ್ತಾರೆ. ಒಬ್ಬರು ಅಮ್ಮ ಕೇಳಿದ್ದರು, "ಅಲ್ಲಿ ಫೋನ್ ಸಿಗುವುದಿಲ್ಲವಂತೆ, ಏನಾದರೂ ಆದರೆ ಹೇಗೆ ಗೊತ್ತಾಗುವುದು ಮಾರಾಯ್ರೆ?" ಇದು ಸರಿಯಾದ ಪ್ರಶ್ನೆ. ಸ್ಯಾಟಲೈಟ್ ಮೂಲಕ ದಿನಕ್ಕೊಮ್ಮೆ ನಾವು ಎಲ್ಲಿದ್ದೇವೆ ಅಂತ ದಡಕ್ಕೆ ಕಳಿಸುತ್ತೇನೆ, ಇಪಿರ್ಬ್ ಅನ್ನುವ ಪೆಟ್ಟಿಗೆ ಆಪತ್ತಿನಲ್ಲಿ 406 ಮೆಗಾಹರ್ಟ್ಸ್‌ನಲ್ಲಿ ಉಪಗ್ರಹಕ್ಕೆ ಸಿಗ್ನಲ್ ಕಳಿಸುತ್ತದೆ ಅಂತ ವಿವರಿಸಿದೆ. ಎಲ್ಲ ಕೇಳಿ, "ರಾಹುಕಾಲದಲ್ಲಿ ಮಾತ್ರ ಹೊರಡಬೇಡಿ" ಅಂದರು. ಆಯ್ತು ಅಂದೆ, ಅದರಿಂದ ನನಗೇನೂ ನಷ್ಟ ಇಲ್ಲ.

ದುಡ್ಡಿನ ವಿಷಯ ಮೊದಲೇ ಬಿಚ್ಚಿ ಮಾತಾಡಿಬಿಡಿ, ನನ್ನ ಹತ್ತಿರ ಮಾತ್ರ ಅಲ್ಲ, ಯಾವ ಕ್ಯಾಪ್ಟನ್ ಹತ್ತಿರವೂ. ನನ್ನ ಜೊತೆ ಬಂದರೆ ಊಟ, ವಾಪಸ್ ಬರುವ ಟಿಕೆಟ್ ದೋಣಿಯ ಖರ್ಚು, ಹೊಸಬರಿಗೆ ಸಂಬಳ ಇಲ್ಲ. ಬೇರೆ ದೇಶಕ್ಕೆ ಹೊರಟರೆ ಕ್ರೂ ಲಿಸ್ಟಿನಲ್ಲಿ ನಿಮ್ಮ ಹೆಸರಿರುತ್ತದೆ, ಅಲ್ಲಿ ಇಳಿದು ಮಾಯವಾದರೆ ಇಮಿಗ್ರೇಷನ್‌ನವರು ಹಿಡಿಯುವುದು ನನ್ನನ್ನು. ಹಾಗಂತ ಪಾಸ್‌ಪೋರ್ಟನ್ನು ನಾನು ಕಸಿದಿಟ್ಟುಕೊಳ್ಳುವುದಿಲ್ಲ, ಹಾಗೆ ಮಾಡುವವರ ಜೊತೆ ನೀವು ಹೋಗಲೂಬೇಡಿ. ಟ್ರಾಲಿ ಬ್ಯಾಗ್ ತರಬೇಡಿ, ಇಡಲು ಜಾಗ ಇಲ್ಲ, ಮಡಚುವ ಬಟ್ಟೆಯ ಚೀಲ ಸಾಕು. ಕೆಂಪು ಬೆಳಕು ಕೊಡುವ ತಲೆಟಾರ್ಚ್ ಒಂದು ಇರಲಿ, ಬಿಳಿ ಬೆಳಕು ಹಾಕಿದರೆ ವಾಚ್‌ನಲ್ಲಿರುವವರ ಕಣ್ಣು ಕತ್ತಲೆಗೆ ಮತ್ತೆ ಹೊಂದಿಕೊಳ್ಳಲು ಇಪ್ಪತ್ತು ನಿಮಿಷ ಬೇಕು.