ಥೆವೆನಿನ್ ಅರ್ಥವಾದದ್ದು ಬ್ರೆಡ್‌ಬೋರ್ಡ್ ಮೇಲೆ

ಕಿರ್ಚಾಫ್ ನಿಯಮಗಳು ನಮ್ಮ ತರಗತಿಯಲ್ಲಿ ಯಾರಿಗೂ ತೊಡಕಾಗಲಿಲ್ಲ. ನೋಡ್‌ಗೆ ಒಳಬಂದಷ್ಟೇ ಕರೆಂಟು ಹೊರಹೋಗಬೇಕು, ಲೂಪ್ ಒಂದು ಸುತ್ತು ಹಾಕಿದರೆ ವೋಲ್ಟೇಜುಗಳ ಮೊತ್ತ ಸೊನ್ನೆ. ನಾಲ್ಕಾರು ಲೆಕ್ಕ ಮಾಡಿದರೆ ಕೈಗೆ ಬರುತ್ತದೆ. ರೆಸಿಸ್ಟರ್, ಸಪ್ಲೈಗಳ ಎಂಥ ಜಾಲವನ್ನೂ ಹೊರಗಿನಿಂದ ಒಂದು ವೋಲ್ಟೇಜ್ ಮತ್ತು ಅದಕ್ಕೆ ಸೀರೀಸ್‌ನಲ್ಲಿ ಒಂದು ರೋಧ ಎಂದು ನೋಡಬಹುದು ಎನ್ನುವ ಥೆವೆನಿನ್ ಪ್ರಮೇಯದ ಲೆಕ್ಕವೂ ಬರುತ್ತಿತ್ತು. ಆದರೆ ಅದು ಯಾತಕ್ಕೆ ಬೇಕು ಎಂಬುದು ಪರೀಕ್ಷೆ ಮುಗಿದ ಮೇಲೂ ಹೊಳೆದಿರಲಿಲ್ಲ. ಹೊಳೆದದ್ದು ಎರಡು ರೆಸಿಸ್ಟರ್‌ಗಳಿಂದ.

ಲ್ಯಾಬ್‌ನಲ್ಲಿ ಪವರ್ ಸಪ್ಲೈ 9 ವೋಲ್ಟ್‌ಗೆ ಇಟ್ಟು, ಬೆಸುಗೆಯಿಲ್ಲದೆ ಬಿಡಿಭಾಗ ಚುಚ್ಚುವ ಬ್ರೆಡ್‌ಬೋರ್ಡ್ ಮೇಲೆ ಎರಡು 10 ಕಿಲೋ ಓಮ್ ರೆಸಿಸ್ಟರ್‌ಗಳನ್ನು ಸೀರೀಸ್‌ನಲ್ಲಿ ಜೋಡಿಸಿ (ವೋಲ್ಟೇಜನ್ನು ಹಂಚುವ ಈ ಜೋಡಿಯೇ ಡಿವೈಡರ್) ನಡುವೆ ಅಳೆದೆ: 4.5 ವೋಲ್ಟ್. ಕೆಳಗಿನದಕ್ಕೆ ಅಡ್ಡಲಾಗಿ ಇನ್ನೊಂದು 10 ಕಿಲೋ ಓಮ್ ರೆಸಿಸ್ಟರನ್ನು ಲೋಡ್ ಆಗಿ, ಅಂದರೆ ಕರೆಂಟು ಎಳೆಯುವ ಭಾಗವಾಗಿ, ಹಾಕಿದ ಕೂಡಲೇ ಅದು 3ಕ್ಕೆ ಇಳಿಯಿತು. ಲೋಡ್ ತೆಗೆದು 10 ಕಿಲೋ ಓಮ್ ಪಾಟ್ (ತಿರುಗಿಸಿ ಬದಲಿಸುವ ರೋಧ) ಹಾಕಿ, ಮೀಟರ್ 4.5ರ ಅರ್ಧ, ಅಂದರೆ 2.25 ತೋರಿಸುವವರೆಗೆ ತಿರುಗಿಸಿದೆ. ವೋಲ್ಟೇಜ್ ಅರ್ಧವಾದರೆ ಹೊರಗಿನ ರೋಧ ಒಳಗಿನದಕ್ಕೆ ಸಮ. ಪಾಟನ್ನು ಬಿಚ್ಚಿ ಅಳೆದರೆ 5 ಕಿಲೋ ಓಮ್ ಹತ್ತಿರ. ಅದೇ ಥೆವೆನಿನ್ ರೋಧ! ಹಾಳೆಯ ಮೇಲೆ ಸಪ್ಲೈಯನ್ನು ಶಾರ್ಟ್ ಮಾಡಿ ಲೆಕ್ಕ ಹಾಕಿದಾಗ ಬರುತ್ತಿದ್ದ ಸಂಖ್ಯೆ, ಒಳಗೆ ಏನಿದೆ ಎಂದು ನೋಡದೆಯೇ ಹೊರಗಿನಿಂದ ಸಿಕ್ಕಿತ್ತು.

ಈ ಮಾತಿಗೆ ಚೆಂದದ ಹಿನ್ನೆಲೆಯಿದೆ. ಫ್ರಾನ್ಸಿನ ಟೆಲಿಗ್ರಾಫ್ ಎಂಜಿನಿಯರ್ ಥೆವೆನಿನ್ ಇದನ್ನು ಪ್ರಕಟಿಸಿದ್ದು 1883ರಲ್ಲಿ. ಅದಕ್ಕೂ ಮೊದಲೇ, 1853ರಲ್ಲಿ, ಜರ್ಮನ್ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ ಇದನ್ನು ಕಂಡುಕೊಂಡಿದ್ದರು. ಪ್ರಾಣಿಗಳ ದೇಹದ ವಿದ್ಯುತ್ತಿನ ಪ್ರಯೋಗಗಳಿಗೆ ಅವರಿಗೆ ಅದು ಬೇಕಾಗಿತ್ತು. ಸ್ನಾಯುವಿನ ಒಳಗಿನ ಸರ್ಕ್ಯೂಟ್ ಚಿತ್ರ ಯಾರ ಬಳಿಯೂ ಇರುವುದಿಲ್ಲವಲ್ಲ.

ಆಮೇಲೆ ಅದೇ ಡಿವೈಡರನ್ನು 1 ಮೆಗಾ ಓಮ್‌ಗಳಿಂದ ಕಟ್ಟಿ ನೋಡಿದೆ. 10 ಮೆಗಾ ಓಮ್ ಒಳರೋಧದ ಮೀಟರ್ 4.3ರ ಹತ್ತಿರ ತೋರಿಸಿತು. 1 ಮೆಗಾ ಓಮ್‌ನ ಅಗ್ಗದ ಮೀಟರ್ 3 ಎಂದಿತು. ಮೀಟರೂ ಒಂದು ಲೋಡ್ ಎಂದು ಯಾವ ಪಾಠವೂ ನನಗೆ ಇಷ್ಟು ಸ್ಪಷ್ಟವಾಗಿ ಹೇಳಿರಲಿಲ್ಲ.

ಇದರ ನಿಜವಾದ ಫಲ ಸಿಕ್ಕಿದ್ದು ಟ್ರಾನ್ಸಿಸ್ಟರ್ ಬಯಾಸಿಂಗ್‌ನಲ್ಲಿ, ಅಂದರೆ ಅದರ ಮೂರು ಕಾಲುಗಳಾದ ಬೇಸ್, ಎಮಿಟರ್, ಕಲೆಕ್ಟರ್‌ಗಳಿಗೆ ಸರಿಯಾದ ಸ್ಥಿರ ವೋಲ್ಟೇಜು, ಕರೆಂಟು ಹೊಂದಿಸುವುದರಲ್ಲಿ. 12 ವೋಲ್ಟ್ ಸಪ್ಲೈ, ಬೇಸ್‌ಗೆ 47 ಮತ್ತು 10 ಕಿಲೋ ಓಮ್‌ಗಳ ಡಿವೈಡರ್, ಎಮಿಟರ್‌ನಲ್ಲಿ 1 ಕಿಲೋ, ಕಲೆಕ್ಟರ್‌ನಲ್ಲಿ 3.3 ಕಿಲೋ. ಡಿವೈಡರಿನ ಥೆವೆನಿನ್ ರೂಪ 2.1 ವೋಲ್ಟ್, 8.2 ಕಿಲೋ ಓಮ್. ಬೇಸ್–ಎಮಿಟರ್‌ಗೆ 0.65 ಕಳೆದರೆ ಕಲೆಕ್ಟರ್ ಕರೆಂಟು 1.4 ಮಿಲಿಆಂಪ್ ಆಸುಪಾಸು, ಕಲೆಕ್ಟರ್ ವೋಲ್ಟೇಜ್ ಸುಮಾರು 7.4. ನಾನು ಬಳಸಿದ ಬಿಸಿ547 ಟ್ರಾನ್ಸಿಸ್ಟರಿನ ಗೇನ್ (ಕಲೆಕ್ಟರ್ ಕರೆಂಟು ಬೇಸ್ ಕರೆಂಟಿನ ಎಷ್ಟು ಪಟ್ಟು ಎಂಬುದು) 110ರಿಂದ 800ರವರೆಗೆ ಎಲ್ಲಿ ಬೇಕಾದರೂ ಇರಬಹುದು. ಆದರೂ ಗೇನ್ 200 ಇರುವುದನ್ನು ಕಿತ್ತು 400 ಇರುವುದನ್ನು ಚುಚ್ಚಿದರೆ ಕರೆಂಟು 1.39ರಿಂದ 1.42ಕ್ಕೆ ಹೋಗುತ್ತದೆ, ಅಷ್ಟೆ. ಎಮಿಟರ್ ರೋಧ ಬೇಸ್ ಕಡೆಯಿಂದ ನೂರಾರು ಪಟ್ಟು ದೊಡ್ಡದಾಗಿ ಕಾಣುತ್ತದೆ, ಅದರ ಮುಂದೆ ಡಿವೈಡರಿನ 8.2 ಕಿಲೋ ಲೆಕ್ಕಕ್ಕಿಲ್ಲ. ಡಿವೈಡರ್ ಬಯಾಸ್ ಅನ್ನು ಏಕೆ ಅಷ್ಟು ಹೊಗಳುತ್ತಾರೆ ಎಂಬುದಕ್ಕೆ ಉತ್ತರ ಇದೇ.

ಜೂನಿಯರ್‌ಗಳು ಕೇಳಿದರೆ ನಾನು ಇದೇ ಕ್ರಮದಲ್ಲಿ ಮಾಡಿಸುತ್ತೇನೆ: ಮೊದಲು ಹಾಳೆಯಲ್ಲಿ ಉತ್ತರ ಬರೆದಿಡಿ, ಆಮೇಲೆ ಮೀಟರ್ ಹಿಡಿಯಿರಿ. ಸಿಮ್ಯುಲೇಟರ್ ಕೊನೆಗಿರಲಿ, ಅದರ ವೋಲ್ಟ್‌ಮೀಟರ್ ಸಾಮಾನ್ಯವಾಗಿ ಲೋಡೇ ಆಗುವುದಿಲ್ಲ. ಮೊದಲಿನ 9 ವೋಲ್ಟ್ ಡಿವೈಡರಿಗೂ ಲೋಡ್‌ಗೂ ನಡುವೆ ಎಲ್‌ಎಂ358 ಆಪ್-ಆಂಪ್ ಚಿಪ್‌ನ ಬಫರ್ (ಡಿವೈಡರಿನಿಂದ ಕರೆಂಟು ಎಳೆಯದೆಯೇ ಅದೇ ವೋಲ್ಟೇಜನ್ನು ಮುಂದಕ್ಕೆ ಕೊಡುವ ಹಂತ) ಹಾಕಿ ಅದೇ 10 ಕಿಲೋ ಲೋಡ್ ಕೊಟ್ಟು ನೋಡಿ, 4.5 ಅಲುಗಾಡುವುದಿಲ್ಲ. ಆಪ್-ಆಂಪ್ ಪಾಠವನ್ನು ಅಲ್ಲಿಂದಲೇ ಶುರು ಮಾಡಬಹುದು.