ಪ್ಯುಡೆಂಡಲ್ ಬ್ಲಾಕ್: ಮೊದಲು ಬೆರಳಿಗೆ ಮೂಳೆ ಸಿಗಬೇಕು

ಚಿಂತಾಮಣಿ ಕಡೆ ಹೆರಿಗೆ ಮಾಡಿಸುವ ನಮಗೆ ರಾತ್ರಿ ಹೊತ್ತು ಅರಿವಳಿಕೆ ಡಾಕ್ಟರು ಸಿಗುವುದು ಕಷ್ಟ. ಮಗುವಿನ ತಲೆ ತೀರಾ ಕೆಳಗೆ ಬಂದು ನಿಂತಿರುತ್ತದೆ, ಫೋರ್ಸೆಪ್ಸ್, ಅಂದರೆ ತಲೆ ಹಿಡಿದು ಮಗುವನ್ನು ಹೊರಗೆಳೆಯುವ ಇಕ್ಕಳ, ಹಾಕಲೇಬೇಕು. ಆಗ ನಾನು ಪ್ಯುಡೆಂಡಲ್ ಬ್ಲಾಕ್, ಅಂದರೆ ಪ್ಯುಡೆಂಡಲ್ ಅನ್ನುವ ನರದ ಪಕ್ಕ ಮರಗಟ್ಟಿಸುವ ಇಂಜೆಕ್ಷನ್, ಕೊಡುತ್ತೇನೆ. ಹೆರಿಗೆ ಅಂದಮೇಲೆ ನೋವು ತಿನ್ನಲೇಬೇಕು ಅನ್ನುವ ಮಾತನ್ನು ನಾನಂತೂ ಒಪ್ಪುವುದಿಲ್ಲ.

ಈ ನರ ಹುಟ್ಟುವುದು ಬೆನ್ನುಹುರಿಯ ತೀರಾ ಕೆಳಭಾಗದ ಎಸ್2, ಎಸ್3, ಎಸ್4 ಅನ್ನುವ ನರದ ಬೇರುಗಳಿಂದ. ಸೊಂಟದ ಗೂಡಿನಿಂದ ಹಿಂದಕ್ಕೆ ಹೊರಬಂದು, ಇಶಿಯಲ್ ಸ್ಪೈನ್ ಅನ್ನುವ ಮೂಳೆಯ ಮೊನೆಯನ್ನು ಬಳಸಿಕೊಂಡು ಮತ್ತೆ ಒಳಗೆ ಸೇರಿ, ಯೋನಿಯ ಹೊರಭಾಗ, ಗುದದ್ವಾರ, ಅವುಗಳ ನಡುವಿನ ಜಾಗಕ್ಕೆಲ್ಲ ಕವಲೊಡೆಯುತ್ತದೆ. ನರ ಬೆರಳಿಗೆ ಸಿಗುವುದಿಲ್ಲ, ಆದರೆ ಆ ಮೊನೆ ಸಿಗುತ್ತದೆ. ಅದು ಸಿಗುವವರೆಗೆ ನಾನು ಸೂಜಿಯನ್ನೇ ಕೇಳುವುದಿಲ್ಲ, ಸಿಸ್ಟರ್ ಎಷ್ಟೇ ಅವಸರ ಮಾಡಲಿ.

ಮೊನೆ ಹುಡುಕಲು ಎಡಗಡೆಗೆ ಎಡಗೈ, ಬಲಗಡೆಗೆ ಬಲಗೈ. ಎರಡು ಬೆರಳಿನ ನಡುವೆ ಸೂಜಿಯನ್ನು ಜಾರಿಸಿ, ಮೊನೆಯಿಂದ ಸುಮಾರು 1 ಸೆಂಟಿಮೀಟರ್ ಒಳಬದಿಗೆ, ಸ್ವಲ್ಪ ಕೆಳಗೆ ಚುಚ್ಚುತ್ತೇನೆ. ಅಲ್ಲಿ ಮೂಳೆಗಳನ್ನು ಕಟ್ಟಿಹಿಡಿಯುವ ಗಟ್ಟಿ ಪಟ್ಟಿ, ಅಂದರೆ ಲಿಗಮೆಂಟ್, ದಾಟಿದ ಕೂಡಲೇ ಸೂಜಿ ಸಡಿಲವಾದಂತೆ ಕೈಗೆ ಗೊತ್ತಾಗುತ್ತದೆ. ನರದ ಪಕ್ಕದಲ್ಲೇ ರಕ್ತನಾಳಗಳೂ ಓಡುತ್ತವೆ, ಹಾಗಾಗಿ ಸಿರಿಂಜು ಹಿಂದಕ್ಕೆಳೆದು ರಕ್ತ ಬರುತ್ತಿಲ್ಲ ಅಂತ ನೋಡದೆ ಔಷಧಿ ತಳ್ಳುವ ಹಾಗೇ ಇಲ್ಲ.

ಮರಗಟ್ಟಿಸುವ ಔಷಧಿ ಲಿಗ್ನೋಕೇನ್. ಶೇಕಡಾ 1ರದ್ದಾದರೆ ಒಂದು ಎಂಎಲ್‌ನಲ್ಲಿ 10 ಮಿಲಿಗ್ರಾಂ ಇರುತ್ತದೆ. ಕಿಲೋ ತೂಕಕ್ಕೆ 4.5 ಮಿಲಿಗ್ರಾಂ ಮೀರಬಾರದು. 45 ಕಿಲೋದ ಹೆಂಗಸಿಗೆ ಎರಡೂ ಕಡೆ ತಲಾ 10 ಎಂಎಲ್ ಕೊಟ್ಟರೆ ಮಿತಿ ಅಲ್ಲಿಗೇ ಮುಗಿಯಿತು, ಅಲ್ವಾ? ಸಣಕಲು ಮೈಯವರಿಗೆ ನಾನು ಒಂದೊಂದು ಕಡೆ 7 ಎಂಎಲ್‌ನಂತೆ ಕೊಟ್ಟು, ಉಳಿದದ್ದನ್ನು ಯೋನಿಯ ಹೊರಭಾಗದ ಮುಂದಿನ ಜಾಗಕ್ಕೆ ಇಟ್ಟುಕೊಳ್ಳುತ್ತೇನೆ, ಯಾಕಂದರೆ ಅಲ್ಲಿಗೆ ಬೇರೆ ನರಗಳೂ ಬರುತ್ತವೆ. ಆಮೇಲೆ ಕನಿಷ್ಠ 5 ನಿಮಿಷ ಕಾಯಬೇಕು. ಎರಡೂ ಬದಿ ಮೆಲ್ಲಗೆ ಚುಚ್ಚಿ ನೋಡಬೇಕು, ಒಂದೇ ಬದಿ ಮರಗಟ್ಟುವುದು ಅಪರೂಪವೇನಲ್ಲ.

ಗರ್ಭಕೋಶ ಹಿಂಡುವ ನೋವು ಮಾತ್ರ ಇದರಿಂದ ಹೋಗುವುದಿಲ್ಲ. ಅದು ಬೆನ್ನುಹುರಿಯಲ್ಲಿ ಇನ್ನೂ ಮೇಲಿರುವ ಟಿ10ರಿಂದ ಎಲ್1ರವರೆಗಿನ ನರಗಳ ದಾರಿಯಲ್ಲಿ ಹೋಗುತ್ತದೆ. "ಹೊಟ್ಟೆನೋವು ಬರುತ್ತೆ ಕಣಮ್ಮ, ಕೆಳಗೆ ಉರಿ ಕಮ್ಮಿ ಆಗುತ್ತೆ" ಅಂತ ಮೊದಲೇ ಹೇಳುತ್ತೇನೆ, ತೆಲುಗು ಮನೆಮಾತಿನವರಿಗೆ ತೆಲುಗಿನಲ್ಲೇ. ಹೇಳದಿದ್ದರೆ ಇಂಜೆಕ್ಷನ್ ಹಿಡಿದಿಲ್ಲ ಅಂತ ಪಾಪ ಹೆದರುತ್ತಾರೆ.

ಮೂತ್ರಕೋಶ ಹಿಂಡುವ ನರಗಳೂ ಎಸ್2ರಿಂದ ಎಸ್4ರವೇ. ಹಾಗಾಗಿ ಫೋರ್ಸೆಪ್ಸ್ ಆದ ಬಾಣಂತಿ 6 ಗಂಟೆಯೊಳಗೆ ಒಂದಕ್ಕೆ ಹೋಗದಿದ್ದರೆ, ಎಷ್ಟು ಹೊತ್ತಾಗಿದ್ದರೂ ಸರಿ, ನನ್ನನ್ನು ಎಬ್ಬಿಸಿ ಅಂತ ಸಿಸ್ಟರ್‌ಗೆ ಹೇಳಿಯೇ ಮಲಗುತ್ತೇನೆ.